ಸಂಬಳ 25,000, ಸಾಲದ ಕಂತು 38,000: ಡೈವೋರ್ಸ್ ಕೇಸಲ್ಲಿ ಲೆಕ್ಕ ಕೇಳುವುದು ಹೇಗೆ?

ಪ್ರಶ್ನೆ (ಸುರತ್ಕಲ್‌ನಿಂದ): ನಮಸ್ಕಾರ ಮೇಡಂ. ಮಂಗಳೂರು ಫ್ಯಾಮಿಲಿ ಕೋರ್ಟಲ್ಲಿ ನನ್ನ ಡೈವೋರ್ಸ್ ಕೇಸ್ ಉಂಟು. ಮಧ್ಯಂತರ ಜೀವನಾಂಶಕ್ಕೂ ಅರ್ಜಿ ಹಾಕಿದ್ದೇನೆ. ಗಂಡ ಒಂಬತ್ತು ವರ್ಷ ದುಬೈಯಲ್ಲಿದ್ದವರು. ಈಗ ಊರಿಗೆ ಬಂದಿದ್ದಾರೆ. ಫ್ರೆಂಡ್ ಅಂಗಡಿಯಲ್ಲಿ ಕೆಲಸ, ತಿಂಗಳಿಗೆ 25,000 ಸಂಬಳ ಅಂತ ಅಫಿಡವಿಟ್ ಕೊಟ್ಟಿದ್ದಾರೆ. ಆದರೆ ಬಿಜೈ ಫ್ಲಾಟಿನ ಸಾಲದ ಕಂತೇ 38,000! ಸಾಲ ಇಬ್ಬರ ಹೆಸರಲ್ಲಿದೆ, ಹಾಗಾಗಿ ಪ್ರತಿ ತಿಂಗಳು 5ನೇ ತಾರೀಕಿಗೆ ಕಂತು ಹೋದ ಮೆಸೇಜ್ ನನ್ನ ಮೊಬೈಲಿಗೂ ಬರುತ್ತದೆ. ಇವತ್ತಿನವರೆಗೆ ಒಂದು ತಿಂಗಳೂ ತಪ್ಪಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ಅಕ್ಕ ಹೇಳಿದಳು, ಅಲ್ಲಿ ಎದುರು ಪಾರ್ಟಿಗೆ ಪ್ರಶ್ನೆ ಬರೆದು ಕಳಿಸಿದರೆ 30 ದಿನದಲ್ಲಿ ಪ್ರಮಾಣ ಮಾಡಿ ಉತ್ತರ ಕೊಡಬೇಕಂತೆ. ನಮ್ಮಲ್ಲೂ ಹಾಗೆ ಉಂಟಾ? ನಾನು 64 ಪ್ರಶ್ನೆ ಬರೆದಿಟ್ಟಿದ್ದೇನೆ.

ಉತ್ತರ: ಉಂಟು. ಆದರೆ 64 ಬೇಡಮ್ಮ.

ನಿಮ್ಮ ಅಕ್ಕ ಹೇಳಿದ್ದು ಸರಿ. ಅಲ್ಲಿ ಇದಕ್ಕೆ ಅಚ್ಚು ಹಾಕಿದ ಫಾರ್ಮೇ ಇದೆ. ನಮ್ಮಲ್ಲಿ ನೇರವಾಗಿ ಕಳಿಸುವ ಹಾಗಿಲ್ಲ, ಮೊದಲು ಕೋರ್ಟಿನ ಅನುಮತಿ ಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 11ರಲ್ಲಿ ಇದು ಬರುತ್ತದೆ. ವಕೀಲರು ಇದನ್ನು ಇಂಟರಾಗೇಟರಿ ಅನ್ನುತ್ತಾರೆ. ಐಎ, ಅಂದರೆ ನಡೆಯುತ್ತಿರುವ ಕೇಸಿನೊಳಗಿನ ಮಧ್ಯಂತರ ಅರ್ಜಿ, ಹಾಕುವಾಗಲೇ ಪ್ರಶ್ನೆಗಳ ಪಟ್ಟಿಯನ್ನೂ ಜೊತೆಗಿಡಬೇಕು. ಕೋರ್ಟ್ 7 ದಿನದಲ್ಲಿ ತೀರ್ಮಾನ ಮಾಡಬೇಕು. ಒಪ್ಪಿದ ಪ್ರಶ್ನೆಗಳಿಗೆ ಎದುರಿನವರು 10 ದಿನದಲ್ಲಿ, ಅಥವಾ ಕೋರ್ಟ್ ಕೊಟ್ಟ ಸಮಯದಲ್ಲಿ, ಅಫಿಡವಿಟ್ ಮೂಲಕ ಉತ್ತರಿಸಬೇಕು. ಇದು ಪುಸ್ತಕದ ಲೆಕ್ಕ. ವಾಯಿದೆಗಳ ಲೆಕ್ಕ ಬೇರೆ, ಅದು ನಿಮಗೆ ಈಗಾಗಲೇ ಗೊತ್ತಾಗಿರಬೇಕು.

ನಿಮಗೆ ಇನ್ನೊಂದು ಬಲ ಇದೆ. ರಜನೀಶ್ ವಿರುದ್ಧ ನೇಹಾ ಕೇಸಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ಕೊಟ್ಟ ತೀರ್ಪು. ಜೀವನಾಂಶದ ಕೇಸಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕು ಅಂದಿದ್ದು ಅದೇ. ಆ ಅಫಿಡವಿಟ್ ಬಗ್ಗೆ ತಕರಾರು ಇದ್ದರೆ ಅನುಮತಿ ಪಡೆದು ಇಂಟರಾಗೇಟರಿ ಕೊಡಬಹುದು, ದಾಖಲೆ ಹಾಜರುಪಡಿಸಲು ಕೇಳಬಹುದು ಅಂತಲೂ ಅದರಲ್ಲೇ ಇದೆ.

ಈಗ ನಿಮ್ಮ 64ಕ್ಕೆ ಬರೋಣ. "ದುಬೈಯಲ್ಲಿ ಎಷ್ಟು ದುಡಿದಿರಿ, ಎಲ್ಲಿ ಬಚ್ಚಿಟ್ಟಿರಿ", "ಆ ಹುಡುಗಿ ಯಾರು" ಅಂತೆಲ್ಲ ಇರುತ್ತದೆ, ಅಲ್ವಾ? ಹೆಚ್ಚಿನವರ ಪಟ್ಟಿ ಹಾಗೇ ಇರುತ್ತದೆ. ಸಿಟ್ಟಲ್ಲಿ ಬರೆದದ್ದು, ನನಗೆ ಅರ್ಥವಾಗುತ್ತದೆ. ಆದರೆ ಪಾಟಿ ಸವಾಲಿನಲ್ಲಿ ಕೇಳಬಹುದಾದ ಪ್ರಶ್ನೆಗಳೆಲ್ಲ ಇಲ್ಲಿ ನಡೆಯುವುದಿಲ್ಲ. ಕೇಸಿನ ವಿಷಯಕ್ಕೆ ಸಂಬಂಧ ಇಲ್ಲದ್ದನ್ನು ಕೇಳಲು ಕೋರ್ಟ್ ಬಿಡುವುದಿಲ್ಲ. ಒಬ್ಬರಿಗೆ ಒಂದೇ ಪಟ್ಟಿ, ಎರಡನೆಯದಕ್ಕೆ ಮತ್ತೆ ಕೋರ್ಟಿನ ಆದೇಶ ಬೇಕು. ಹಾಗಾಗಿ, ಸುಳ್ಳು ಹೇಳಿದರೆ ಯಾವುದಾದರೂ ಕಾಗದದಿಂದ ಸಿಕ್ಕಿಬೀಳುವಂಥ ಪ್ರಶ್ನೆ ಮಾತ್ರ ಇಡಿ.

ನಿಮ್ಮ ಹತ್ತಿರ ಅಂಥದ್ದು ಒಂದು ಉಂಟು. ಆ 5ನೇ ತಾರೀಕಿನ ಮೆಸೇಜು. ನೀವೂ ಸಾಲಗಾರ್ತಿ ತಾನೆ? ಕೋರ್ಟೂ ಬೇಡ, ವಕೀಲರೂ ಬೇಡ, ನಾಳೆಯೇ ಬ್ರಾಂಚಿಗೆ ಹೋಗಿ ಸಾಲದ ಖಾತೆಯ ಸ್ಟೇಟ್‌ಮೆಂಟ್ ಕೇಳಿ. ಕಂತು ಯಾವ ಖಾತೆಯಿಂದ ಬರುತ್ತಿದೆ ಅಂತಲೂ ವಿಚಾರಿಸಿ. ಅದು ಕೈಗೆ ಬಂದ ಮೇಲೆ ಪ್ರಶ್ನೆ ಹೀಗಿರಲಿ:

"ಬಿಜೈ ಫ್ಲಾಟಿನ ಸಾಲಕ್ಕೆ ತಿಂಗಳಿಗೆ 38,000 ರೂಪಾಯಿ ಕಂತು ಕಟ್ಟುತ್ತಿರುವುದು ನಿಜವೇ? ಊರಿಗೆ ಮರಳಿದ ಮೇಲೆ ಕಂತು ಯಾವ ಬ್ಯಾಂಕಿನ ಯಾವ ಖಾತೆಯಿಂದ ಹೋಗಿದೆ? ಆ ಖಾತೆ ಯಾರ ಹೆಸರಲ್ಲಿದೆ? ಅದಕ್ಕೆ ಹಣ ಎಲ್ಲಿಂದ ಬಂದಿದೆ? ತಮ್ಮ ಅಫಿಡವಿಟ್‌ನಲ್ಲಿ ಆ ಖಾತೆಯನ್ನು ತೋರಿಸಿದ್ದೀರಾ?"

ಇದಕ್ಕೆ ಸುಮ್ನೆ "ಗೊತ್ತಿಲ್ಲ" ಅನ್ನಲು ಆಗುವುದಿಲ್ಲ. ಇಂಥವು ಎಂಟು ಹತ್ತು ಇದ್ದರೆ ಧಾರಾಳ.

ಪ್ರಶ್ನೆ (ಅವರೇ): ಓದಿ ನಗು ಬಂತು, ಆ ಹುಡುಗಿ ಪ್ರಶ್ನೆ 11ನೇದು! ದಾಖಲೆ ಕೇಳುವುದು ಇದೇ ಅರ್ಜಿಯಲ್ಲಾ? ದುಬೈ ಕಂಪನಿಗೆ ಸಮನ್ಸ್ ಕಳಿಸಬಹುದಾ? ಅತ್ತೆ ಹೆಸರಲ್ಲಿ ಸೊಸೈಟಿಯಲ್ಲಿ ಎಫ್‌ಡಿ ಇಟ್ಟಿದ್ದಾರೆ ಅಂತ ನನಗೆ ಸಂಶಯ.

ಉತ್ತರ: ದಾಖಲೆಗೆ ಬೇರೆ ಐಎ. ಅದೇ ಆದೇಶ 11ರ ನಿಯಮ 12 ಮತ್ತು 14. ತಮ್ಮ ಕೈಯಲ್ಲಿ ಯಾವ್ಯಾವ ದಾಖಲೆ ಇವೆ ಅಂತ ಪ್ರಮಾಣ ಮಾಡಿ ಪಟ್ಟಿ ಕೊಡಲು ಹೇಳುವುದು ಒಂದು, ಹಾಜರುಪಡಿಸಲು ಹೇಳುವುದು ಇನ್ನೊಂದು. ಅವರ ತಕರಾರಿನಲ್ಲೋ (ನಿಮ್ಮ ಅರ್ಜಿಗೆ ಅವರು ಬರೆದು ಕೊಟ್ಟ ಉತ್ತರ) ಅಫಿಡವಿಟ್‌ನಲ್ಲೋ ಹೆಸರಿಸಿದ ಕಾಗದವಾದರೆ ಇನ್ನೂ ಸುಲಭ. ನಿಯಮ 15ರ ಪ್ರಕಾರ ನೋಟಿಸ್ ಕೊಟ್ಟರೆ ಸಾಕು, ತೋರಿಸಬೇಕು. ಇಷ್ಯೂ ಫ್ರೇಮ್ ಆಗುವುದರೊಳಗೆ, ಅಂದರೆ ಕೇಸಿನ ವಿವಾದದ ಅಂಶಗಳನ್ನು ಕೋರ್ಟ್ ಗೊತ್ತುಮಾಡುವುದರೊಳಗೆ, ಕೊಟ್ಟುಬಿಡಿ.

ದುಬೈ ಕಂಪನಿಯ ಹಿಂದೆ ಹೋಗಬೇಡಿ, ವರ್ಷ ಕಳೆಯುತ್ತದೆ. ಆ ಸಂಬಳ ಊರಿಗೆ ಬಂದದ್ದು ಹೊರದೇಶದಲ್ಲಿರುವವರು ಇಲ್ಲಿ ಇಡುವ ಎನ್‌ಆರ್‌ಇ ಖಾತೆಗೆ ತಾನೆ? ಬ್ರಾಂಚ್ ಇರುವುದು ಮಂಗಳೂರಲ್ಲಿ. ಮೂರು ವರ್ಷದ ಸ್ಟೇಟ್‌ಮೆಂಟ್ ಗಂಡನಿಂದಲೇ ಕೇಳಿ. ಕೊಡದಿದ್ದರೆ ಬ್ಯಾಂಕಿಗೆ ಅದೇ ಸಂಹಿತೆಯ ಆದೇಶ 16ರ ಸಮನ್ಸ್. ನಿಮ್ಮ ಚಿನ್ನ ಲಾಕರಿನಲ್ಲಿ ಇತ್ತು ಅಂತಾದರೆ, ಲಾಕರ್ ಯಾವ ದಿನ ಯಾರು ತೆರೆದರು ಅನ್ನುವ ದಾಖಲೆಯೂ ಬ್ಯಾಂಕಲ್ಲಿ ಇರುತ್ತದೆ. ಅದನ್ನೂ ತರಿಸಬಹುದು.

ಅತ್ತೆ ಕೇಸಲ್ಲಿ ಪಾರ್ಟಿ ಅಲ್ಲ, ಅವರಿಗೆ ಪ್ರಶ್ನೆ ಕಳಿಸಲು ಬರುವುದಿಲ್ಲ. ಬರೀ ಸಂಶಯದ ಮೇಲೆ ಊರಿನ ಸೊಸೈಟಿಗಳಿಗೆಲ್ಲ ಸಮನ್ಸ್ ಕೇಳಿದರೆ ಅರ್ಜಿ ವಜಾ ಆಗುತ್ತದೆ. ಗಂಡನ ಸ್ಟೇಟ್‌ಮೆಂಟಿನಲ್ಲಿ ಅತ್ತೆಯ ಖಾತೆಗೆ ದೊಡ್ಡ ಮೊತ್ತ ಹೋದದ್ದು ಕಂಡರೆ ಆಗ ಆ ಸೊಸೈಟಿಯ ಹೆಸರು ಹಿಡಿದು ಕೇಳಿ.

ಪ್ರಶ್ನೆ (ಕುಲಶೇಖರದಿಂದ): ನನ್ನದು ಉಲ್ಟಾ ಕೇಸ್ ಮೇಡಂ. ಹೆಂಡತಿ ಕಡೆಯಿಂದ ನನಗೇ ಇಂಟರಾಗೇಟರಿ ಬಂದಿದೆ. ಹತ್ತು ವರ್ಷದ ಹಾರ್ಡ್‌ವೇರ್ ಅಂಗಡಿ ಬಿಲ್ಲು, ನಾನು ನನ್ನ ವಕೀಲರಿಗೆ ಬರೆದ ಪತ್ರ ಎಲ್ಲ ಕೇಳಿದ್ದಾರೆ. ಉತ್ತರ ಕೊಡದೆ ಕೂತರೆ ಏನಾಗುತ್ತದೆ ಮಾರ್ರೆ?

ಉತ್ತರ: ಕೂರಬೇಡಿ. ವಕೀಲರ ಜೊತೆಗಿನ ಪತ್ರ ಕೊಡಬೇಕಾಗಿಲ್ಲ. ಪ್ರಶ್ನೆಗಳು ಅತಿಯಾಯಿತು ಅನಿಸಿದರೆ ಕೈಗೆ ಸಿಕ್ಕ 7 ದಿನದೊಳಗೆ ರದ್ದು ಮಾಡಿ ಅಂತ ಅರ್ಜಿ ಹಾಕಬಹುದು. ಇಲ್ಲ, ಉತ್ತರದ ಅಫಿಡವಿಟ್‌ನಲ್ಲೇ ಯಾವ ಪ್ರಶ್ನೆಗೆ ಯಾಕೆ ಆಕ್ಷೇಪ ಅಂತ ಬರೆಯಬಹುದು. ಹತ್ತು ವರ್ಷ ಜಾಸ್ತಿಯೇ, ಮೂರು ವರ್ಷದ ಐಟಿ ರಿಟರ್ನ್ ಮತ್ತು ಜಿಎಸ್‌ಟಿ ರಿಟರ್ನ್ ನೀವಾಗಿಯೇ ಮುಂದಿಡಿ. ಕೋರ್ಟಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ. ಆದೇಶ ಆದ ಮೇಲೂ ಉತ್ತರ ಕೊಡದಿದ್ದರೆ ನಿಯಮ 21 ಇದೆ: ಅರ್ಜಿದಾರರಾದರೆ ಕೇಸೇ ವಜಾ ಆಗಬಹುದು, ಎದುರುದಾರರಾದರೆ ತಕರಾರು ಹಾಕಿಲ್ಲ ಎಂಬಂತೆ ಮುಂದುವರಿಯಬಹುದು. ಕೋರ್ಟುಗಳು ಇದನ್ನು ಅಷ್ಟು ಸಲೀಸಾಗಿ ಬಳಸುವುದಿಲ್ಲ, ಆದರೆ ಆ ಧೈರ್ಯದ ಮೇಲೆ ಕೂರುವುದು ಬೇಡ.

ಪ್ರಶ್ನೆ (ಸುರತ್ಕಲ್‌ನವರು): ಕೊನೆಯದು ಮೇಡಂ. ನಾನು ಮನೆಯಲ್ಲಿ ಹತ್ತು ಮಕ್ಕಳಿಗೆ ಟ್ಯೂಷನ್ ಕೊಡುತ್ತೇನೆ, ಎಲ್ಲ ಕ್ಯಾಶ್. ಅಫಿಡವಿಟ್‌ನಲ್ಲಿ ಬರೆದಿಲ್ಲ. ಅವರೂ ನನಗೆ ಪ್ರಶ್ನೆ ಕಳಿಸಬಹುದಾ?

ಉತ್ತರ: ಖಂಡಿತ ಕಳಿಸಬಹುದು. ಟ್ಯೂಷನ್ ಇದೆ ಅಂತ ಜೀವನಾಂಶ ತಪ್ಪುವುದಿಲ್ಲ, ಮೊತ್ತದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು ಅಷ್ಟೆ. ಆದರೆ ಮುಚ್ಚಿಟ್ಟದ್ದು ಆಚೆಯವರ ಬಾಯಿಂದ ಬಂದರೆ, ಅವರ 38,000 ಬಗ್ಗೆ ಕೇಳುವಾಗ ನಿಮ್ಮ ಮಾತಿಗೆ ತೂಕ ಇರುವುದಿಲ್ಲ. ಗೊತ್ತಿದ್ದೂ ಸುಳ್ಳು ಅಫಿಡವಿಟ್ ಕೊಟ್ಟವರ ಮೇಲೆ ಕ್ರಮಕ್ಕೆ ಕ್ರಿಮಿನಲ್ ಪ್ರಕ್ರಿಯೆಯ ಹೊಸ ಕಾನೂನಾದ ಬಿಎನ್‌ಎಸ್‌ಎಸ್‌ 379ನೇ ಸೆಕ್ಷನ್ ಇದೆ, ಅದು ಇಬ್ಬರಿಗೂ ಅನ್ವಯ. ನಿಮ್ಮ ವಕೀಲರಿಗೆ ಇವತ್ತೇ ಹೇಳಿ, ಮೊದಲು ತಿದ್ದಿದ ಅಫಿಡವಿಟ್ ಹೋಗಲಿ. ಇಂಟರಾಗೇಟರಿಯ ಐಎ ಅದರ ಮುಂದಿನ ವಾಯಿದೆಗೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಬ್ಯಾಂಕಿನ ಸ್ಟೇಟ್‌ಮೆಂಟೂ ಕೈಗೆ ಬಂದಿರುತ್ತದೆ.