ಗೆಳೆಯನ ಮನೆಗೆ ಆಡಲು ಕಳಿಸುವ ಮುಂಚೆ ಬಂದೂಕಿನ ಮಾತು ಕೇಳಬೇಕಾ?

ಅಕ್ಕಾ, ನಿಮ್ಮ ಪ್ರಶ್ನೆ ಓದಿದೆ. ಇಲ್ಲಿ ಅಮೆರಿಕದಲ್ಲಿ ಮಗ ಆಡಲು ಹೋಗುವ ಮನೆಯಲ್ಲಿ ಬಂದೂಕು ಇದೆಯಾ ಅಂತ ಕೇಳಿದರೆ ಅವರು ಬೇಜಾರಾಗ್ತಾರೇನೋ, ಕೇಳೋದಾದರೂ ಹೇಗೆ ಅಂದಿದ್ದೀರಿ. ಬೇಜಾರಾದರೂ ಪರವಾಗಿಲ್ಲ, ಕೇಳಿಬಿಡಿ.

ನಾನು ಧಾರವಾಡದವನು. ಕಲಘಟಗಿ ಹತ್ತಿರ ಅಜ್ಜನ ಹೊಲ. ಹಂದಿ ಕಾಟಕ್ಕೆ ಅಂತ ಲೈಸೆನ್ಸ್ ಇದ್ದ ಒಂದು ಬಂದೂಕು ಇಟ್ಟಿದ್ದ. ಎಲೆಕ್ಷನ್ ಬಂತು ಅಂದರೆ ಅದನ್ನು ಗೋಣಿಚೀಲದಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ ಬರುತ್ತಿದ್ದ. ತೋಟಾಗಳು ಟ್ರಂಕಿನಲ್ಲಿ, ಟ್ರಂಕಿನ ಕೀಲಿಕೈ ಅವನ ಉಡದಾರದಲ್ಲಿ. ಊರಲ್ಲಿ ಬಂದೂಕು ಯಾರ ಮನೆಯಲ್ಲಿದೆ ಅಂತ ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಯಾರೂ ಕೇಳುತ್ತಿರಲಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಇಲ್ಲಿ ಹತ್ತು ಜನರಲ್ಲಿ ಸುಮಾರು ನಾಲ್ಕು ಜನರ ಮನೆಯಲ್ಲಿ ಬಂದೂಕು ಇರುತ್ತದೆ. 2020ರಲ್ಲಿ 1ರಿಂದ 19 ವರ್ಷದವರ ಸಾವಿನ ಕಾರಣಗಳಲ್ಲಿ ಗುಂಡೇಟು ವಾಹನ ಅಪಘಾತವನ್ನೂ ದಾಟಿ ಮೊದಲ ಸ್ಥಾನಕ್ಕೆ ಬಂತು.

"ನನ್ನ ಮಗನಿಗೆ ಬುದ್ಧಿ ಹೇಳಿದ್ದೀನಿ, ಅವನು ಮುಟ್ಟಲ್ಲ" ಅಂತ ನಿಮ್ಮ ಪ್ರಶ್ನೆಗೆ ಒಬ್ಬ ಅಣ್ಣ ಉತ್ತರ ಬರೆದಿದ್ದಾರೆ. ನಾನೂ ಹಾಗೇ ನಂಬಿದ್ದೆ ಅಣ್ಣಾ. ಆಮೇಲೆ 2001ರ ಒಂದು ಅಧ್ಯಯನ ಓದಿದೆ. 8ರಿಂದ 12 ವರ್ಷದ 64 ಹುಡುಗರನ್ನು ಇಬ್ಬರು ಮೂವರಂತೆ 29 ಗುಂಪು ಮಾಡಿ ಒಂದು ಕೋಣೆಯಲ್ಲಿ ಬಿಟ್ಟರು. ಒಂದು ಡ್ರಾಯರಿನಲ್ಲಿ ನಿಜವಾದ ಪಿಸ್ತೂಲು ಇತ್ತು, ಗುಂಡು ಮಾತ್ರ ಇರಲಿಲ್ಲ. ಸಂಶೋಧಕರು ಆಚೆಯಿಂದ, ಹುಡುಗರಿಗೆ ಕಾಣದ ಹಾಗೆ, ಗಾಜಿನಲ್ಲಿ ನೋಡುತ್ತಾ ಕುಳಿತರು. 21 ಗುಂಪಿನ ಕಣ್ಣಿಗೆ ಪಿಸ್ತೂಲು ಬಿತ್ತು, ಅದರಲ್ಲಿ 16 ಗುಂಪು ಅದನ್ನು ಎತ್ತಿಕೊಂಡು ನೋಡಿತು. 10 ಗುಂಪಿನಲ್ಲಿ ಯಾರೋ ಒಬ್ಬರು ಟ್ರಿಗರ್ ಒತ್ತೇಬಿಟ್ಟರು. ಹಾಗೆ ಮುಟ್ಟಿದ, ಒತ್ತಿದ ಹುಡುಗರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಮಕ್ಕಳಿಗೆ ಬಂದೂಕಿನ ಬಗ್ಗೆ ಮೊದಲೇ ತಿಳಿಹೇಳಲಾಗಿತ್ತು! ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರೇನು ಕೆಟ್ಟ ಮಕ್ಕಳಲ್ಲ. ಆ ವಯಸ್ಸೇ ಹಾಗೆ, ಕೈ ಸುಮ್ನೆ ಇರಲ್ಲ.

ಕಳ್ಳರ ಭಯಕ್ಕೆ ಒಂದು ತಗೊಳ್ಳೋಣ ಅನ್ನುವವರಿಗೂ ಒಂದು ಮಾತು. ಇಲ್ಲಿ ಗುಂಡಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ಕೈಯಾರೆ ಸತ್ತವರು. ಮನಸ್ಸು ಕೆಟ್ಟ ಗಳಿಗೆ ದಾಟಿದರೆ ಎಷ್ಟೋ ಜೀವ ಉಳಿಯುತ್ತದೆ, ಬಂದೂಕು ಆ ಗಳಿಗೆಯನ್ನೇ ಕೊಡಲ್ಲ. ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಮನೆಯವರು ಇದನ್ನು ಚೆನ್ನಾಗಿ ಯೋಚಿಸಿ.

ಕೇಳೋದು ಹೇಗೆ ಅಂದಿರಲ್ಲ ಅಕ್ಕಾ, ನಾನು ಅಲರ್ಜಿ, ನಾಯಿ, ಈಜುಕೊಳದ ಜೊತೆಗೇ ಕೇಳಿಬಿಡುತ್ತೇನೆ: "ಮನೆಯಲ್ಲಿ ಬಂದೂಕು ಇದೆಯಾ? ಗುಂಡು ತೆಗೆದು, ಬೀಗ ಹಾಕಿ ಇಟ್ಟಿದ್ದೀರಾ?" ಒಬ್ಬರು ಮಂಚದ ಪಕ್ಕದ ಡ್ರಾಯರಿನಲ್ಲಿದೆ ಅಂದರು. ಜಗಳ ಏನೂ ಆಡಲಿಲ್ಲ, ಅವರ ಹುಡುಗನನ್ನೇ ನಮ್ಮ ಮನೆಗೆ ಕರೆದು ಗಿರ್ಮಿಟ್ ಮಾಡಿಕೊಟ್ಟೆವು. ಇನ್ನೊಬ್ಬ ತಾಯಿ, ಸೇಫಿನಲ್ಲಿದೆ, ನಂಬರು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಅಂತ ಹೇಳಿ, "ನಿಮ್ಮ ಮನೆಯಲ್ಲಿ?" ಅಂತ ನನ್ನನ್ನೂ ಕೇಳಿದರು.