ಆರ್‌ಎಕ್ಸ್ 100: ತಣ್ಣಗಿದ್ದಾಗ ಚಲೋ, ಬಿಸಿ ಆದ ಮ್ಯಾಲ ಸ್ಪಾರ್ಕ್ ಗಾಯಬ್

ಸೇಡಂ_ರೋಡ್:
ನಂದು ಯಮಹಾ ಆರ್‌ಎಕ್ಸ್ 100 ಬೈಕ್. ಗಾಡಿ ಮುಂಜಾನೆ ಒಂದೆರಡು ಕಿಕ್ಕಿಗೇ ಚಾಲೂ ಆಗ್ತದ. ಕಲಬುರಗಿ ಬಿಟ್ಟು ಮಳಖೇಡ ಕಡೆ ಹೊಂಟ್ರ 15–20 ನಿಮಿಷ ಏನೂ ತಕರಾರಿಲ್ಲ. ಆಮ್ಯಾಲ ನಾಕನೇ ಗೇರಿನ್ಯಾಗ 50 ದಾಟಿದ ಕೂಡ್ಲೇ ತಡದು ತಡದು ಓಡ್ತದ, ಸೈಲೆನ್ಸರ್‌ದಾಗ ಒಂದೆರಡು ಪಟಾಕಿ, ಮುಂದ ಎರಡು ಕಿಲೋಮೀಟರ್ ಆಗೂದ್ರಾಗ ಬಂದ್. ಅರ್ಧ ತಾಸು ನೆರಳಿಗೆ ನಿಲ್ಸಿದ್ರ ಮತ್ತ ಚಾಲೂ. ಪ್ಲಗ್ ಹೊಸಾದು, ಕಾರ್ಬೋರೇಟರ್ ಎರಡು ಸಲ ತೊಳದದ್ದು. ಹೋದ ತಿಂಗಳು ಫ್ರೇಮಿಗೆ ಪೌಡರ್ ಕೋಟಿಂಗ್ ಆಗ್ಯದ. ಆಗಿಂದ ಹೆಡ್‌ಲೈಟ್ ಬಲ್ಬ್ ಎರಡು ಸುಟ್ಟಾವ. ಮಿಸ್ತ್ರಿ ಸಿಡಿಐ (ಕರೆಂಟ್ ಕೂಡಿಟ್ಟು ಸ್ಪಾರ್ಕಿಗೆ ಬಿಡೂ ಡಬ್ಬಿ) ಬದಲಿ ಮಾಡ್ರಿ ಅನ್ಲಾಕತ್ತಾರ. ತರ್ಲೇನು? ಮಲ್ಟಿಮೀಟರ್ ಅದ, ಹಚ್ಚಿ ನೋಡ್ಲಾಕ ಬರ್ತದ.

ಕಾಯಿಲ್_ಕಟ್ಟೋನು:
ಸಿಡಿಐ ಈಗೇ ತರಬ್ಯಾಡ್ರಿ. ಬಿಸಿಗೆ ನಿಲ್ಲೂದು, ತಣ್ಣಗಾದ್ರ ಚಾಲೂ ಆಗೂದು ಹೆಚ್ಚಾಗಿ ಕಾಯಿಲ್, ಅಂದ್ರ ಸುತ್ತಿದ ತಂತಿ, ಕೆಟ್ಟದ್ದರ ಲಕ್ಷಣ. ಡಬ್ಬಿ ಕೆಟ್ರೂ ಹಿಂಗ ಆಗ್ತದ, ಇಲ್ಲಂತಲ್ಲ. ಆದ್ರ ಅದನ್ನ ಮೀಟರ್ ಹಚ್ಚಿ ಖಾತ್ರಿ ಹೇಳ್ಲಾಕ ಬರಂಗಿಲ್ಲ, ಚಲೋ ಇದ್ದದ್ದೊಂದು ಹಾಕಿ ನೋಡೂದೇ ದಾರಿ. ಹಂಗಾಗಿ ಅದು ಕಡೀಕ. ಈ ಗಾಡಿ 1985ರಿಂದ 1996ರ ತನಕ ಬಂದದ್ದು; ಕಾಯಿಲ್ ಬದಲಿ ಆಗಿಲ್ಲಂದ್ರ ಅದಕ್ಕ ಹತ್ತಿರ ಮೂವತ್ತರಿಂದ ನಲವತ್ತು ವರ್ಷ ವಯಸ್ಸು.

ಮೊದ್ಲ ಪೆಟ್ರೋಲಾ, ಸ್ಪಾರ್ಕಾ ಅಂತ ತಿಳ್ಕೋರಿ. ಗಾಡಿ ನಿಂತ ಜಾಗದಾಗೇ, ತಣ್ಣಗಾಗ್ಲಾಕ ಬಿಡ್ದೆ ಟ್ಯಾಂಕಿನ ಮುಚ್ಚಳ ತೆಗೀರಿ. ಸುಂಯ್ ಅಂತ ಗಾಳಿ ಒಳಗ ಎಳ್ಕೊಂಡ್ರ ಮುಚ್ಚಳದ ತೂತು ಕಟ್ಯದ, ಕರೆಂಟಿನ ಮಾತು ಅಲ್ಲಿಗೇ ಮುಗೀತು. ಇಲ್ಲಂದ್ರ ಪ್ಲಗ್ ಬಿಚ್ರಿ. ಒಣಗಿದ್ರ ಪೆಟ್ರೋಲಿನ ದಾರಿ ನೋಡ್ರಿ. ಹಸಿ ಇದ್ರ ಪೆಟ್ರೋಲ್ ಬಂದದ, ಸ್ಪಾರ್ಕ್ ಇಲ್ಲ. ಗ್ಯಾಪ್ 0.6ರಿಂದ 0.7 ಮಿ.ಮೀ. ಒಳಗ ಇರ್ಲಿ. ಪ್ಲಗ್ ಮೈ ಇಂಜಿನ್ನಿಗೆ ಒತ್ತಿ ಕಿಕ್ ಹೊಡೆದು ನೋಡೂದು ಎಲ್ಲಾರಿಗೂ ಗೊತ್ತದ, ಆದ್ರ ಹೊರಗ ಸಣ್ಣ ಕೆಂಪನೆ ಕಿಡಿ ಬಂತಂದ್ರ ಒಳಗೂ ಬರ್ತದ ಅಂತ ತಿಳೀಬ್ಯಾಡ್ರಿ. ಸಿಲಿಂಡರ್ ಒಳಗಿನ ಒತ್ತಡದಾಗ ಅದೇ ಗ್ಯಾಪ್ ಜಿಗೀಲಾಕ ಭಾಳ ಜಾಸ್ತಿ ವೋಲ್ಟ್ ಬೇಕು. 6 ಮಿ.ಮೀ. ಗ್ಯಾಪ್ ಇಟ್ಟ ಸ್ಪಾರ್ಕ್ ಟೆಸ್ಟರ್‌ದಾಗ ನೀಲಿ ಬಣ್ಣದ ಕಿಡಿ ಚಟ್ ಅಂತ ಜಿಗಿದ್ರ ಅದು ತಾಕತ್ತಿನ ಸ್ಪಾರ್ಕ್. ಎರಡು ಮಾತು ಮರೀಬ್ಯಾಡ್ರಿ: ಪ್ಲಗ್ಗಿನ ತೂತಿನ ಬಾಜೂ ಕಿಡಿ ಹಾರಿಸಬ್ಯಾಡ್ರಿ, ಅಲ್ಲಿಂದ ಪೆಟ್ರೋಲ್ ಹೊಗಿ ಹೊರಗ ಬರ್ತಿರ್ತದ. ಮತ್ತ ಪ್ಲಗ್ ಕ್ಯಾಪ್ ಸುಮ್ಮನ ಗಾಳ್ಯಾಗ ಬಿಟ್ಟು ಕಿಕ್ ಹೊಡೀಬ್ಯಾಡ್ರಿ. ಹೋಗ್ಲಾಕ ದಾರಿ ಸಿಗದ ವೋಲ್ಟ್ ಕಾಯಿಲಿನ ಒಳಗೇ ದಾರಿ ಮಾಡ್ಕೊಳ್ತದ.

ಸ್ಪಾರ್ಕ್ ಇಲ್ಲಂದ್ರ ಕೀಲಿ ಕಡೀಂದ ಸಿಡಿಐಗೆ ಬರೂ ಕರಿ ಮೈಮ್ಯಾಲ ಬಿಳಿ ಗೆರಿ ಇದ್ದ ವೈರ್ ಸಾಕೆಟ್‌ದಾಗ ಬಿಚ್ರಿ. ಕೀಲಿ ಬಂದ್ ಮಾಡಿದಾಗ ಈ ವೈರ್ ಅರ್ಥಿಗೆ ಕೂಡ್ತದ, ಅದರಿಂದ ಇಂಜಿನ್ ನಿಲ್ತದ. ಹ್ಯಾಂಡಲ್ ಬುಡಕ್ಕ ವೈರಿಂಗ್ ತಿಕ್ಕಿ ಸಿಪ್ಪಿ ಹೋಗಿದ್ರ, ಇಲ್ಲಾ ಕೀಲಿ ಒಳಗ ಧೂಳು-ಹಸಿ ಕೂಡಿದ್ರ, ಓಡೂ ಗಾಡಿ ತಾನೇ ಬಂದ್ ಆಗ್ತದ. ಬಿಚ್ಚಿ ಓಡಿಸಿದಾಗ ತಕರಾರು ಹೋದ್ರ ಡಬ್ಬಿ, ಕಾಯಿಲ್ ಎಲ್ಲಾ ಚಲೋ ಅವ. ಆದ್ರ ಬಿಚ್ಚಿದ ಮ್ಯಾಲ ಕೀಲಿಯಿಂದ ಗಾಡಿ ನಿಲ್ಲಂಗಿಲ್ಲ. ಬ್ರೇಕ್ ಒತ್ತಿ, ಗೇರಿಗೆ ಹಾಕಿ ಕ್ಲಚ್ ಬಿಟ್ಟು ನಿಲ್ಲಿಸಬೇಕು.

ಈಗ ನಿಮ್ಮ ಪೌಡರ್ ಕೋಟಿಂಗ್. ಬಲ್ಬ್ ಸುಡೂದು ಅಲ್ಲಿಂದಾನೇ ಅಂತ ನನ್ನ ಲೆಕ್ಕ. ಕೋಟಿಂಗ್ ಕರೆಂಟ್ ಬಿಡಂಗಿಲ್ಲ. ಇಗ್ನಿಷನ್ ಕಾಯಿಲ್ (ಪ್ಲಗ್ಗಿಗೆ ಜಾಸ್ತಿ ವೋಲ್ಟ್ ಕೊಡೂದು), ರೆಗ್ಯುಲೇಟರ್ ಎರಡೂ ಫ್ರೇಮಿನ ಬೋಲ್ಟ್ ಮ್ಯಾಲೇ ಅರ್ಥ್ ಹುಡುಕ್ತಾವ. ರೆಗ್ಯುಲೇಟರ್ ಹೆಚ್ಚಾದ ವೋಲ್ಟ್‌ನ ಅರ್ಥಿಗೆ ತಳ್ಳಿ ಹಿಡೀಬೇಕು. ಅರ್ಥ್ ಇಲ್ಲಂದ್ರ ತಳ್ಳೂ ಜಾಗ ಇಲ್ಲ, ರೇಸ್ ಕೊಟ್ಟಂಗ ವೋಲ್ಟ್ ಏರಿ ಬಲ್ಬ್ ಹೋಗ್ತದ. ಮೀಟರ್ ಓಮ್ಸಿಗೆ ಇಟ್ಟು ಮೊದ್ಲ ಎರಡೂ ಕಡ್ಡಿ ಒಂದಕ್ಕೊಂದು ಹಚ್ಚಿ ನೋಡ್ರಿ. 0.2, 0.3 ಏನು ಬರ್ತದೋ ಅದು ಕಡ್ಡಿದು, ಅದನ್ನ ಕಳೀಬೇಕು. ಆಮ್ಯಾಲ ಕಾಯಿಲಿನ ಕಬ್ಬಿಣದ ಕಾಲಿಗೊಂದು ಕಡ್ಡಿ, ಇಂಜಿನ್ ಮೈಗೊಂದು. ಕಡ್ಡಿ ಕಳದು 0.1ರ ಆಸುಪಾಸು ಉಳೀಬೇಕು. ಜಾಸ್ತಿ ಬಂದ್ರ ಬೋಲ್ಟ್ ಬುಡದ ಬಣ್ಣ ಕೆರದು, ಹಲ್ಲಿನ ವಾಶರ್ ಹಾಕಿ ಬಿಗೀರಿ. ಅದಕ್ಕಿಂತ ಪಕ್ಕಾ ಕೆಲಸ ಅಂದ್ರ ಕಾಯಿಲ್, ರೆಗ್ಯುಲೇಟರ್ ಎರಡರಿಂದ ಒಂದೊಂದು ಕರಿ ವೈರ್ ಎಳದು ನೇರ ಇಂಜಿನ್ ಬೋಲ್ಟಿಗೆ ಹಚ್ಚೂದು, 1.5 ಚದರ ಮಿ.ಮೀ. ವೈರ್ ಸಾಕು.

ಬೀದರ್_ಕೋಟೆ:
ಅಣ್ಣೋರ ಮಾತಿಗೆ ಒಂದು ಜೋಡಸ್ತೀನಿ. ಪ್ಲಗ್ ಕ್ಯಾಪ್ ಬಿಡಬ್ಯಾಡ್ರಿ. ರೆಸಿಸ್ಟರ್ ಇದ್ದ ಕ್ಯಾಪ್ ಜಾಸ್ತಿ 5 ಕಿಲೋ ಓಮ್‌ದ್ದು. ಅದು 15–20 ತೋರಿಸಿದ್ರ ಒಳಗಿನ ರೆಸಿಸ್ಟರ್ ಸುಟ್ಟದ. ಕ್ಯಾಪ್ ಸ್ಕ್ರೂ ಇದ್ದಂಗ ತಿರುವಿ ತೆಗೀರಿ, ವೈರಿನ ತುದಿ 5 ಮಿ.ಮೀ. ಕತ್ತರಿಸಿ ಹೊಸ ತಾಮ್ರಕ್ಕ ಮತ್ತ ತಿರುವ್ರಿ. ಇಗ್ನಿಷನ್ ಕಾಯಿಲ್ ಅಳೀವಾಗ ಕ್ಯಾಪ್ ತೆಗದೇ ಅಳೀಬೇಕು, ಇಲ್ಲಂದ್ರ ಆ 5 ಕಿಲೋ ಓಮ್ ಲೆಕ್ಕದಾಗ ಕೂಡ್ತದ, ಚಲೋ ಕಾಯಿಲ್ ಕೆಟ್ಟದಂತ ಒಗೀತೀರಿ. ಶಹಾಬಾದ್, ಸೇಡಂ ಕಡೆ ಸುಣ್ಣಗಲ್ಲಿನ ಧೂಳು ಕ್ಯಾಪಿನ ಮ್ಯಾಲ ಕುಂತು ಮಳಿಗೆ ಹಸಿ ಆದ್ರ ಸ್ಪಾರ್ಕ್ ಹೊರಗಿಂದೇ ಹರದು ಹೋಗ್ತದ. ರಾತ್ರಿ ಕತ್ತಲಾಗ ಗಾಡಿ ಚಾಲೂ ಇಟ್ಟು ವೈರ್ ಮ್ಯಾಲ ಜರಾ ನೀರು ಚಿಮಕಿಸಿ ನೋಡ್ರಿ, ನೀಲಿ ಹುಳ ಹರದಂಗ ಕಾಣ್ತದ. ಕೈ ಮಾತ್ರ ಹಚ್ಚಬ್ಯಾಡ್ರಿ.

ಸೇಡಂ_ರೋಡ್:
ಎಲ್ಲಾ ನೋಡಿದ್ದಾಯ್ತು. ನಿಂತಾಗ ಪ್ಲಗ್ ಹಸಿ. ಮುಚ್ಚಳದಾಗ ಗಾಳಿ ಇಲ್ಲ. ಕರಿ-ಬಿಳಿ ವೈರ್ ಬಿಚ್ಚಿದ್ರೂ ಅದೇ ಹಾಡು. ಕ್ಯಾಪ್ 5.1. ಕಾಯಿಲಿನ ಕಾಲಿಂದ ಇಂಜಿನ್ನಿಗೆ ಕಡ್ಡಿ ಕಳದು 4.6 ಓಮ್ ಇತ್ತು. ಬಣ್ಣ ಕೆರದು ವೈರ್ ಎಳದ ಮ್ಯಾಲ 0.1. ಲೈಟ್ ಈಗ ರೇಸಿಗೆ ಕುಣಿಯಂಗಿಲ್ಲ. ಸ್ಪಾರ್ಕ್ ಮೊದಲಿಗಿಂತ ದಪ್ಪ ಅದ, ಆದ್ರ ಬಿಸಿಗೆ ನಿಲ್ಲೂದು ಹಂಗೇ ಅದ.

ಮ್ಯಾಗ್ನೆಟ್ ಕಡೀ ವೈರ್ ಅಳದದ್ದು: ಮುಂಜಾನೆ 30 ಡಿಗ್ರಿ ಇದ್ದಾಗ ಪಲ್ಸರ್ ಕಾಯಿಲ್ (ಸ್ಪಾರ್ಕಿನ ಹೊತ್ತು ಹೇಳೂದು) 212 ಓಮ್, ಸೋರ್ಸ್ ಕಾಯಿಲ್ (ಸಿಡಿಐಗೆ ಕರೆಂಟ್ ಕೊಡೂದು) 318. ಓಡಿಸಿ ನಿಲ್ಸಿದ ಕೂಡ್ಲೇ ಪಲ್ಸರ್ 246, ಸೋರ್ಸ್ 371. ಸೋರ್ಸಿನ ವೈರ್ ಜರಾ ಅಲ್ಲಾಡಿಸಿದ್ರ ಮೀಟರ್ ಒಮ್ಮೊಮ್ಮೆ ಓಎಲ್ (ದಾರಿ ಕಡದದ ಅನ್ನೂ ಗುರುತು) ಅಂತದ. ಬಿಸಿಗೆ 50 ಓಮ್ ಏರ್ಯದಲ್ಲ, ಎರಡೂ ಕಾಯಿಲ್ ಹೋಗ್ಯಾವೇನು?

ಕಾಯಿಲ್_ಕಟ್ಟೋನು:
ಏರಿದ್ದು ಬರೋಬರಿ ಅದ, ಅಂಜಬ್ಯಾಡ್ರಿ. ಹೆಚ್ಚಿನ ಮಂದಿ ಇಲ್ಲೇ ಚಲೋ ಕಾಯಿಲ್ ಕಿತ್ತಿ ಒಗೀತಾರ. ತಾಮ್ರ ಬಿಸಿ ಆದ್ರ ಪ್ರತಿ ಡಿಗ್ರಿಗೆ ಹತ್ತಿರ 0.39 ಪರ್ಸೆಂಟ್ ಓಮ್ ಏರ್ತದ. ನಿಮ್ಮ ಪಲ್ಸರ್ 212ರಿಂದ 246, ಸೋರ್ಸ್ 318ರಿಂದ 371: ಎರಡೂ 16 ಪರ್ಸೆಂಟ್ ಆಸುಪಾಸು ಏರ್ಯಾವ. ಅಂದ್ರ ಕಾಯಿಲ್ ಹತ್ತಿರ 75 ಡಿಗ್ರಿಗೆ ಹೋಗ್ಯಾವ, ಇಂಜಿನ್ ಬಾಜೂಕ ಇದ್ದದ್ದಕ್ಕ ಅಷ್ಟು ಇರೂದೇ. ಎರಡೂ ಒಂದೇ ಪ್ರಮಾಣದಾಗ ಏರಿದ್ದು ಸುತ್ತು ಸಾಬೂತ್ ಇದ್ದದ್ದಕ್ಕ ಗುರುತು. ಬಿಸಿಗೆ ಓಮ್ ಇಳದಿದ್ರ ಒಳಗ ಸುತ್ತು-ಸುತ್ತು ಕೂಡ್ಯಾವ ಅಂತ ಅರ್ಥ, ಅದು ಖರೇ ಕೆಟ್ಟದ್ದು.

ಇದೇ ಕಾರಣಕ್ಕ ಮ್ಯಾನ್ಯುವಲ್ ಕೂಡ ಜರಾ ತಿಳದು ಓದ್ಬೇಕು. ಅದರಾಗಿನ ಓಮ್ 20 ಡಿಗ್ರಿದು. ಕಲಬುರಗಿ ಮೇ ತಿಂಗಳದಾಗ ನೆರಳಾಗೇ 42 ಇದ್ರ, ಓಡಿಸದ ಗಾಡಿ ಕಾಯಿಲೂ 8–9 ಪರ್ಸೆಂಟ್ ಜಾಸ್ತಿ ತೋರಿಸ್ತದ. ಅಳತಿ ಮುಂಜಾನೆ ತೊಗೋರಿ, ಇಲ್ಲಾ 40 ಡಿಗ್ರಿಗೆ ಬಂದ ಅಂಕಿಯನ್ನ 1.08ರಿಂದ ಭಾಗಿಸ್ರಿ.

ನಿಮ್ಮ ಕಳ್ಳ ಆ ಓಎಲ್. ತಂತಿ ಒಳಗ ಸುಟ್ಟಿಲ್ಲ, ಕಡದದ. ಅದೂ ಕೂದಲಿನಂಥ ಸಣ್ಣ ತಂತಿ ದಪ್ಪ ವೈರಿಗೆ ಕೂಡೂ ಬೆಸುಗಿ ಕಡೀ. ಬಿಸಿಗೆ ಅದು ಬಿರಿತದ, ತಣ್ಣಗಾದ್ರ ತಾನೇ ಮುಟ್ಟತದ. ಓಡೂವಾಗ ನಡುಗೂದು ಬ್ಯಾರೆ, ಅದಕ್ಕ ಮೊದ್ಲ ತಡದು ಓಡಿ ಆಮ್ಯಾಲ ನಿಲ್ತದ. ಹೊಸ ಸ್ಟೇಟರ್ (ಈ ಕಾಯಿಲ್ ಕುಂತ ಪ್ಲೇಟ್) ಬ್ಯಾಡ, ರಿವೈಂಡಿಂಗೂ (ತಂತಿ ಮತ್ತ ಸುತ್ತೂದೂ) ಈಗ ಬ್ಯಾಡ.

ಮ್ಯಾಗ್ನೆಟ್ ಎಳೀಲಾಕ ಅದರದೇ ಪುಲ್ಲರ್ ಬೇಕು. ಸುತ್ತಿಗಿ ಹೊಡದ್ರ ಮ್ಯಾಗ್ನೆಟ್ಟಿನ ತಾಕತ್ತು ಇಳಿತದ, ಕ್ರ್ಯಾಂಕ್ ಸೊಟ್ಟ ಆಗ್ತದ. ಸ್ಟೇಟರ್ ಪ್ಲೇಟಿನ ಸ್ಕ್ರೂ ಸಡಿಲ ಮಾಡೂಕಿಂತ ಮೊದ್ಲ ಪ್ಲೇಟಿಗೂ ಇಂಜಿನ್ನಿಗೂ ಸೇರಿಸಿ ಸೂಜಿಲಿಂದ ಒಂದು ಗೀರು ಹಾಕ್ರಿ, ಟೈಮಿಂಗ್ ಅಲ್ಲೇ ಇರಬೇಕು. ಸೋರ್ಸ್ ಕಾಯಿಲಿನ ಮ್ಯಾಲಿನ ಟೇಪ್ ಬ್ಲೇಡಿನಿಂದ ಮೆಲ್ಲಕ ಬಿಚ್ಚಿ, ಬೆಸುಗಿ ಹುಡುಕಿ, ಹೊರಗಿನ ತಂತಿ ಒಂದು ಸುತ್ತು ಮಾತ್ರ ಬಿಚ್ಚಿ ತುದಿ ಹಿಡೀರಿ. ತುದಿ ಮ್ಯಾಲಿನ ಎನಾಮೆಲ್ ಸಣ್ಣ ಎಮರಿ ಪೇಪರಿನಿಂದ ಕೆರೀಬೇಕು; ತಾಮ್ರ ಹೊಳೀದಿದ್ರ ಬೆಸುಗಿ ಮ್ಯಾಲೇ ಕುಂದ್ರತದ, ಹಿಡಿಯಂಗಿಲ್ಲ. ರೋಸಿನ್ ಫ್ಲಕ್ಸ್ ಹಚ್ರಿ, ಆಸಿಡ್ ಫ್ಲಕ್ಸ್ ಬ್ಯಾಡ, ಆರು ತಿಂಗಳಿಗೆ ತಂತಿ ತಿಂತದ. ಬೆಸುಗಿ ಆದ ಮ್ಯಾಲ ದಪ್ಪ ವೈರನ್ನ ಕಾಯಿಲಿಗೆ ದಾರದಿಂದ ಕಟ್ರಿ, ಎಳದ್ರ ಎಳತ ಬೆಸುಗಿಗೆ ಹೋಗಬಾರದು. ಮ್ಯಾಲ ಮೋಟಾರ್ ವೈಂಡಿಂಗ್ ಅಂಗಡ್ಯಾಗ ಸಿಗೂ ಕ್ಲಾಸ್ ಎಫ್ ವಾರ್ನಿಶ್, ಅದು 155 ಡಿಗ್ರಿ ತಡೀತದ. ಕರಿ ಪಿವಿಸಿ ಟೇಪ್ ಸುತ್ತಬ್ಯಾಡ್ರಿ, ಬಿಸಿಗೆ ಅಂಟು ಕರಗಿ ಹರೀತದ.

ಕಾಲುವೆ_ಕಡೆ_ಯಾದಗಿರಿ:
ಕೂಡ್ಸುವಾಗ ಕ್ರ್ಯಾಂಕಿನ ಅರ್ಧಚಂದ್ರ ಕೀ (ಮ್ಯಾಗ್ನೆಟ್ ಸರಿಯದಂಗ ಹಿಡಿಯೂ ಸಣ್ಣ ಕಬ್ಬಿಣದ ತುಂಡು) ನೋಡ್ರಿ. ಅಂಚು ಜರಾ ಕತ್ತರಿಸಿದ್ರೂ ಟೈಮಿಂಗ್ ಸರಿತದ, ಆಮ್ಯಾಲ ಮತ್ತ ಕಾಯಿಲಿನ ಮ್ಯಾಲ ಸಂಶಯ. ಶಹಾಪುರ, ಸುರಪುರ ಕಡೀ ಗದ್ದಿ ಕೆಸರು ಹಾಯೂ ಗಾಡಿ ಆದ್ರ ಮ್ಯಾಗ್ನೆಟ್ ಕವರಿನ ಪ್ಯಾಕಿಂಗ್, ವೈರ್ ಹೊರಗ ಬರೂ ರಬ್ಬರ್ ಎರಡೂ ಹೊಸಾದು ಹಾಕ್ರಿ. ಪ್ರೆಶರ್ ನೀರಿನಿಂದ ತೊಳ್ಸೂವಾಗ ಪೈಪ್ ಅಲ್ಲಿಗೆ ಹಿಡಿಸಬ್ಯಾಡ್ರಿ.

ಕೂಡ್ಸಿದ ಮ್ಯಾಲ ಪೂರಾ ಖಾತ್ರಿ ಬೇಕಂದ್ರ ಓಮ್ಸ್ ಸಾಲಂಗಿಲ್ಲ, ವೋಲ್ಟ್ ನೋಡ್ಬೇಕು. 1ಎನ್4007 ಡಯೋಡ್ ಒಂದು, 1 ಮೈಕ್ರೋಫ್ಯಾರಡ್ 630 ವೋಲ್ಟಿನ ಕೆಪಾಸಿಟರ್ ಒಂದು ತೊಗೊಂಡು ಸೋರ್ಸ್ ವೈರ್ ಮತ್ತ ಅರ್ಥ್ ನಡುವ ಸಾಲಾಗಿ ಹಚ್ರಿ, ಸಿಡಿಐ ಸಾಕೆಟ್ ಹಚ್ಚಿದ್ದಂಗೇ ಇರ್ಲಿ. ಕೆಪಾಸಿಟರಿನ ಮ್ಯಾಲ ಮೀಟರ್ ಡಿಸಿ 1000ಕ್ಕ ಇಟ್ಟು ಜೋರಾಗಿ ನಾಕೈದು ಕಿಕ್ ಹೊಡೀರಿ. ಚಲೋ ಕಾಯಿಲ್ 100 ವೋಲ್ಟ್ ದಾಟಬೇಕು. ಆಗಲಿಲ್ಲಂದ್ರ ಡಯೋಡ್ ತಿರುವಿ ಹಚ್ಚಿ ಇನ್ನೊಮ್ಮೆ ನೋಡ್ರಿ. ಬಿಚ್ಚೂಕಿಂತ ಮೊದ್ಲ 100 ಕಿಲೋ ಓಮ್ ರೆಸಿಸ್ಟರಿನಿಂದ ಕೆಪಾಸಿಟರ್ ಖಾಲಿ ಮಾಡ್ರಿ, ಹೊಡೆತ ಸಣ್ಣದಲ್ಲ.

ಸೇಡಂ_ರೋಡ್:
ಬೆಸುಗಿ ಕಡೀನೇ ಇತ್ತು. ಟೇಪ್ ಬಿಚ್ಚಿದ್ರ ತಂತಿ ತುದಿ ಹಸಿರುಗಟ್ಟಿ ಸುಮ್ಮನ ವೈರಿಗೆ ಒರಗಿತ್ತು, ಉಸಿರು ಬಿಟ್ರ ಅಲ್ಲಾಡ್ತಿತ್ತು. ಹೇಳಿದಂಗ ಮಾಡಿದ್ದಾಯ್ತು. ಕೀ ಸಾಬೂತ್. ಮುಂಜಾನೆ 316, ಸೇಡಂ ಮುಟ್ಟಿ ಅಲ್ಲೇ ಅಳದ್ರ 369, ವೈರ್ ಎಳದ್ರೂ ಅಂಕಿ ಅಲ್ಲಾಡಂಗಿಲ್ಲ. ಕಿಕ್ಕಿಗೆ 140 ವೋಲ್ಟ್ ಬಂತು. ವಾಪಸ್ ಕಲಬುರಗಿ ತನಕ ಎಲ್ಲೂ ತಡದಿಲ್ಲ. ಸಿಡಿಐ ತರಲಿಲ್ಲ.