ಡಿಗ್ರಿ ಮುಗ್ಸಿ ಇಷ್ಟು ವರ್ಷ ಆಯ್ತು, ಊರಿಗೆ ವಾಪಸ್ ಬರೋದಾ ಬೇಡ್ವಾ?

ಸುಂಟಿಕೊಪ್ಪದ_ಹುಡ್ಗ:
2021ರಲ್ಲಿ ಬಿಕಾಂ ಮುಗ್ಸಿ ಬೆಂಗಳೂರಿಗೆ ಹೋದವನು ನಾನು, ಬ್ಯಾಕ್ ಆಫೀಸ್ ಕೆಲ್ಸ, ಕೈಗೆ ಸಿಗೋದು 19 ಸಾವಿರ. ಸೇರಿದಾಗ 16 ಇತ್ತು. ಪಿಜಿ ಆಗ 6000, ಈಗ 8500, ಒಂದು ರೂಮಲ್ಲಿ ಮೂರು ಜನ. 20ನೇ ತಾರೀಕು ದಾಟಿದ್ಮೇಲೆ ಅಮ್ಮ ಫೋನ್ ಮಾಡಿ ದುಡ್ಡು ಉಂಟಾ ಅಂತ ಕೇಳ್ತಾರೆ, ಉಂಟು ಅಂತೀನಿ. ಅಪ್ಪ ಪಿಯುಸಿ ಫೇಲು, ನನ್ ವಯಸ್ಸಿಗೆ ಮನೆಗೆ ಹಂಚು ಹಾಕ್ಸಿ ಅತ್ತೆ ಮದ್ವೆನೂ ಮಾಡಿದ್ರು. ನನ್ ಆಸ್ತಿ ಎಲ್ಲಾ ಮಂಚದ ಕೆಳಗಿನ ಸೂಟ್‌ಕೇಸಲ್ಲಿದೆ. ಕೊಡಗಲ್ಲಿ ಮನೆ ಹತ್ರ ಎರಡು ಎಕ್ರೆ ರೋಬಸ್ಟಾ ಕಾಫಿ ತೋಟ ಇದೆ, ಕಾಫಿಗೆ ರೇಟ್ ಬಂತಲ್ಲ ಬಾ ಅಂತ ಎಲ್ರೂ ಹೇಳ್ತಾರೆ. ಬರ್ಬೋದಾ?

ಕಣದ_ಕಾವಲುಗಾರ:
ಲೆಕ್ಕ ಹಾಕಿ ನೋಡು ಮಾರಾಯ. ಎರಡು ಎಕ್ರೆಗೆ ಚೆನ್ನಾಗಿ ಬಂದ್ರೆ ಚೆರಿ, ಅಂದ್ರೆ ಒಣಗಿಸಿದ ಕಾಫಿ ಹಣ್ಣು, 30 ಮೂಟೆ ಅಂತಿಟ್ಕೋ. 2025ರ ಶುರುವಲ್ಲಿ 50 ಕೆಜಿ ಮೂಟೆಗೆ 10 ಸಾವಿರ ದಾಟಿತ್ತು, ಅಂದ್ರೆ 3 ಲಕ್ಷ. ಗೊಬ್ಬರ, ಕಪಾತು (ಗಿಡದ ಕೊಂಬೆ ಕತ್ತರಿಸೋದು), ಕುಯ್ಲಿನ ಕೂಲಿ, ಕಾಫಿ ಹೂ ಅರಳಿಸೋ ಮಳೆ ಕೈ ಕೊಟ್ರೆ ಸ್ಪ್ರಿಂಕ್ಲರಿಗೆ ಡೀಸೆಲ್ಲು, ಎಲ್ಲಾ ತೆಗೆದ್ರೆ ಅರ್ಧ ಉಳಿದ್ರೆ ಪುಣ್ಯ. ತಿಂಗ್ಳಿಗೆ ಹನ್ನೆರಡು ಸಾವಿರ, ಅದೂ ಅಪ್ಪಂದೇ ಸಂಪಾದ್ನೆ, ನಿಂದಲ್ಲ. ಐದಾರು ವರ್ಷದ ಹಿಂದೆ ಮೂರೂವರೆ ಸಾವಿರಕ್ಕೆ ಮಾರಿದ್ದು ಯಾರೂ ಹೇಳಲ್ಲ. ಆನೆ ಬಂದ್ರೆ ಆ ಲೆಕ್ಕನೂ ಇಲ್ಲ. ಮತ್ತೆ ಆರ್‌ಟಿಸಿ, ಅಂದ್ರೆ ಜಮೀನಿನ ಪಹಣಿ, ಯಾರ ಹೆಸ್ರಲ್ಲಿದೆ ನೋಡಿದ್ಯಾ? ಅದಿಲ್ದೆ ಬ್ಯಾಂಕಿಗೆ ಹೋಗ್ಬೇಡ.

ಪೊನ್ನಂಪೇಟೆ_ಅಕ್ಕ:
ನಾನು ಡಿಗ್ರಿ ಕಾಲೇಜಲ್ಲಿ ಅತಿಥಿ ಉಪನ್ಯಾಸಕಿ, ಅಂದ್ರೆ ನಂದೂ ಇದೇ ಕತೆ. 2024ರಲ್ಲಿ ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ವರದಿ ಬಂತಲ್ಲ, ದೇಶದ ಎಲ್ಲಾ ನಿರುದ್ಯೋಗಿಗಳಲ್ಲಿ ಹೈಸ್ಕೂಲು, ಅದಕ್ಕಿಂತ ಮೇಲೆ ಓದಿದ ಯುವಕರು 2000ರಲ್ಲಿ 54.2% ಇದ್ದಿದ್ದು 2022ಕ್ಕೆ 65.7%. ಅದನ್ನ ಕ್ಲಾಸಲ್ಲಿ ಬೋರ್ಡ್ ಮೇಲೆ ಬರೆದೆ, ಹಿಂದಿನ ಬೆಂಚಿಂದ ಒಬ್ಬ "ಹಾಗಾದ್ರೆ ಯಾಕೆ ಓದೋದು ಮೇಡಂ" ಅಂದ, ಅಳಿಸ್ಬಿಟ್ಟೆ. ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಕೇಳ್ಬೇಡಿ, ಅದು 2022-23ರಲ್ಲಿ ಪಾಸಾದವರಿಂದ ಶುರು, ನಿಮ್ಗೆ ಬರಲ್ಲ. ಬಂದಿದ್ರೂ ತಿಂಗ್ಳಿಗೆ 3000, ಎರಡೇ ವರ್ಷ.

ನಾಪೋಕ್ಲು_ನೆಂಟ:
ಮುಂಚೆ ನಮ್ಮಲ್ಲಿ ಏನೂ ಆಗ್ಲಿಲ್ಲ ಅಂದ್ರೆ ಮಿಲಿಟ್ರಿ ಇತ್ತು, ಪೆನ್ಷನ್ನು, ಕ್ಯಾಂಟೀನ್ ಕಾರ್ಡು, ಹೆಣ್ಣೂ ಬೇಗ ಸಿಕ್ತಿತ್ತು. 2022ರಲ್ಲಿ ಸೇನೆಗೆ ಸೇರಿಸ್ಕೊಳ್ಳೋ ಅಗ್ನಿಪಥ ಯೋಜನೆ ಬಂದ್ಮೇಲೆ ನಾಲ್ಕೇ ವರ್ಷ, ಉಳಿಸ್ಕೊಳ್ಳೋದು ನೂರಕ್ಕೆ ಹೆಚ್ಚೆಂದ್ರೆ 25 ಜನನ್ನ. ಮಿಕ್ಕವ್ರಿಗೆ ಸುಮಾರು 11.7 ಲಕ್ಷ ಕೊಟ್ಟು ಮನೆಗೆ ಕಳ್ಸೋದು. ನನ್ ತಮ್ಮ ಅದ್ರಲ್ಲಿದಾನೆ, ಈಗ್ಲೇ ಆ ದುಡ್ಡಲ್ಲಿ ಪಿಕಪ್ ತಗೊಳ್ಳೋದಾ ಹೋಂಸ್ಟೇ ಮಾಡೋದಾ ಅಂತ ಮನೇಲಿ ಜಗ್ಳ. ಹೋಂಸ್ಟೇ ಬೇಡ ಅಂದೆ. 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ನಮ್ ಕಡೆ ತಿಂಗಳುಗಟ್ಲೆ ಒಂದು ಬುಕಿಂಗಿಲ್ಲ.

ಲೈನ್‌ಮನೆ_ಮಗ:
ಎಲ್ರೂ ಓದ್ತಾ ಇದೀನಿ, ಎರಡು ಎಕ್ರೆ ಸಾಲಲ್ಲ ಅಂತೀರಲ್ಲ. ನಾನು ಸಿದ್ದಾಪುರ ಕಡೆ ಎಸ್ಟೇಟ್ ಲೈನಲ್ಲಿ, ಅಂದ್ರೆ ತೋಟದ ಕೂಲಿಯವ್ರಿಗೆ ಕೊಡೋ ಸಾಲುಮನೇಲಿ ಹುಟ್ಟಿದ್ದು, ಅಪ್ಪ ಕೆಲ್ಸ ಬಿಟ್ರೆ ಮನೆನೂ ಬಿಡ್ಬೇಕು. ಐಟಿಐ ಮಾಡಿದೀನಿ. ವಾಪಸ್ ಬರೋದಾ ಅಂತ ಕೇಳೋಕಾದ್ರೂ ನಿಮ್ಗೆ ಒಂದು ಜಾಗ ಇದೆ. ಸಿಟ್ಟಲ್ಲಿ ಹೇಳ್ತಿಲ್ಲ ಬ್ರೋ, ಬೆಂಗಳೂರಲ್ಲೇ ಇದ್ರೆ ನಿಮ್ ಪಿಜೀಲಿ ಒಂದು ಬೆಡ್ ಖಾಲಿ ಆದ್ರೆ ಹೇಳಿ.

ಸುಂಟಿಕೊಪ್ಪದ_ಹುಡ್ಗ:
@ಲೈನ್‌ಮನೆ_ಮಗ ಮೆಸೇಜ್ ಮಾಡಿದೀನಿ, ಮುಂದಿನ ತಿಂಗ್ಳು ಒಬ್ಬ ಬಿಡ್ತಾನೆ. @ಕಣದ_ಕಾವಲುಗಾರ ಅಪ್ಪ ಆರ್‌ಟಿಸಿ ಫೋಟೋ ಕಳ್ಸಿದ್ರು. ಒಂಬತ್ತು ಹೆಸ್ರಿದೆ, ಅದ್ರಲ್ಲಿ ಮೂವರು ತೀರ್ಕೊಂಡು ಎಷ್ಟೋ ವರ್ಷ ಆಯ್ತು. ಅಪ್ಪನ ಹೆಸ್ರು ಇಲ್ಲ.